ಆಡಿದ್ದು ಬಾಟ್, ಐಡಿ ಕಳೆದುಕೊಂಡದ್ದು ಮಗ

ರಾತ್ರಿ ಒಂದು ಗಂಟೆ. ಮಗ ಹೊದ್ದು ಮಲಗಿದ್ದಾನೆ. ಮೇಜಿನ ಮೇಲೆ ಚಾರ್ಜಿಗಿಟ್ಟ ಮೊಬೈಲಿನಲ್ಲಿ ಮಾತ್ರ ಆಟ ನಡೆಯುತ್ತಲೇ ಇದೆ. ಯಾರ ಬೆರಳೂ ತಾಗದೆ ಪರದೆಯ ಮೇಲಿನ ಗುಂಡಿಗಳು ಒಂದೊಂದಾಗಿ ಒತ್ತಿಕೊಳ್ಳುತ್ತವೆ, ಸೈನ್ಯ ದಾಳಿಗೆ ಹೊರಡುತ್ತದೆ, ಲೂಟಿಯ ಚಿನ್ನ ಖಜಾನೆಗೆ ಬಂದು ಬೀಳುತ್ತದೆ. ನೀರು ಕುಡಿಯಲು ಎದ್ದ ತಾಯಿ ಇದನ್ನು ಕಂಡು ಬೆಚ್ಚಿಬಿದ್ದರೆ ಆಶ್ಚರ್ಯವಿಲ್ಲ. ಮೊಬೈಲಿಗೆ ಜಿನ್ನ್ ಹಿಡಿದದ್ದಲ್ಲ; ಮಗ ಅದರೊಳಗೆ ‘ಬಾಟ್’ ಒಂದನ್ನು ಕೂರಿಸಿದ್ದಾನೆ, ಅಷ್ಟೆ.

ಬಾಟ್ ಎಂದರೆ ರೋಬಾಟ್ ಎಂಬ ಪದದ ಬಾಲ. ಆಟಗಾರನ ಬದಲಿಗೆ ತಾನೇ ಆಡುವ ತಂತ್ರಾಂಶ. ಆಟ ತಯಾರಿಸಿದ ಕಂಪೆನಿಗೂ ಇದಕ್ಕೂ ಸಂಬಂಧವಿಲ್ಲ. ಹೊರಗಿನವರು ಯಾರೋ ಮಾಡಿ, ಕೆಲವರು ಉಚಿತವಾಗಿ, ಕೆಲವರು ಹಣಕ್ಕೆ ಹಂಚುತ್ತಾರೆ. ಹುಡುಗರು ಇದನ್ನು ದೊಡ್ಡ ಜಾಣತನವೆಂದು ತಿಳಿಯುತ್ತಾರೆ. ಒಂದು ದಿನ “ಉಮ್ಮಾ, ನನ್ನ ಐಡಿ ಬ್ಯಾನ್ ಆಯ್ತು” ಎಂದು ಮುಖ ಬಾಡಿಸಿಕೊಂಡು ಬಂದು ನಿಲ್ಲುವಾಗ ಮನೆಯವರಿಗೆ ವಿಷಯವೇ ತಿಳಿಯುವುದಿಲ್ಲ. ಆಟ ಹೋದರೆ ಹೋಗಲಿ, ಓದಿಕೋ ಎಂದು ಗದರಿಸಿ ಕಳುಹಿಸುತ್ತೇವೆ. ಹೋದದ್ದು ಆಟ ಮಾತ್ರವೇ ಎಂದು ಯಾರೂ ವಿಚಾರಿಸುವುದಿಲ್ಲ.

ಮಕ್ಕಳು ಇದಕ್ಕೆ ಕೈ ಹಾಕುವುದೇಕೆ? ಫಿನ್ಲೆಂಡಿನ ಸೂಪರ್‌ಸೆಲ್ ಕಂಪೆನಿ 2012ರಲ್ಲಿ ಹೊರತಂದ ‘ಕ್ಲ್ಯಾಷ್ ಆಫ್ ಕ್ಲಾನ್ಸ್’ ಆಟವನ್ನೇ ನೋಡಿ. ಅದರಲ್ಲಿ ಆಟಗಾರನಿಗೊಂದು ಹಳ್ಳಿ ಇರುತ್ತದೆ. ಕೋಟೆಯ ಗೋಡೆ, ಫಿರಂಗಿ, ಗೋಪುರ ಎಲ್ಲವನ್ನೂ ಮೇಲ್ದರ್ಜೆಗೆ ಏರಿಸುತ್ತಾ ಹೋಗಬೇಕು. ಮೊದಮೊದಲು ನಿಮಿಷಗಳಲ್ಲಿ ಮುಗಿಯುವ ಕೆಲಸ ಬರಬರುತ್ತಾ ದಿನಗಟ್ಟಲೆ ಹಿಡಿಯುತ್ತದೆ. ಅದಕ್ಕೆ ಬೇಕಾದ ಚಿನ್ನಕ್ಕಾಗಿ ಅದೇ ಬಗೆಯ ದಾಳಿಯನ್ನು ನೂರಾರು ಬಾರಿ ಮಾಡಬೇಕು. ಕಾಯಲಾರೆ ಎನ್ನುವವನಿಗೆ ಕಂಪೆನಿಯೇ ಒಂದು ಉಪಾಯ ಇಟ್ಟಿದೆ: ದುಡ್ಡು ಕೊಟ್ಟು ‘ಜೆಮ್’ ಖರೀದಿಸಿದರೆ ಕಾಯುವುದು ತಪ್ಪುತ್ತದೆ. ಹೀಗೆ ಬೇಸರವನ್ನು ತಾನೇ ಹುಟ್ಟಿಸಿ, ಅದಕ್ಕೆ ಮದ್ದನ್ನೂ ತಾನೇ ಮಾರುವ ವ್ಯಾಪಾರವಿದು. ಈ ವಿಷಯದಲ್ಲಿ ಕಂಪೆನಿಗಳನ್ನು ನಿರ್ದೋಷಿಗಳೆಂದು ಹೇಳಲು ನಾನು ಸಿದ್ಧಳಿಲ್ಲ. ಕೈಯಲ್ಲಿ ಕಾಸಿಲ್ಲದ, ಕಾಯುವ ತಾಳ್ಮೆಯೂ ಇಲ್ಲದ ಹುಡುಗನಿಗೆ ಬಾಟ್ ಮೂರನೆಯ ದಾರಿಯಾಗಿ ಕಾಣುತ್ತದೆ.

ಆದರೆ ಆ ದಾರಿಯನ್ನು ನಿಯಮ ಮುಚ್ಚಿದೆ. ಬಾಟ್, ಸ್ಕ್ರಿಪ್ಟ್, ಮಾರ್ಪಡಿಸಿದ ಆಪ್ ಇವೆಲ್ಲವನ್ನೂ ಸೂಪರ್‌ಸೆಲ್ ನಿಷೇಧಿಸಿದೆ. ಬಳಸಿದವರ ಐಡಿಯನ್ನು ಕೆಲವು ಕಾಲ ಅಮಾನತಿನಲ್ಲಿಡಬಹುದು, ಶಾಶ್ವತವಾಗಿ ಮುಚ್ಚಲೂಬಹುದು. ಹೆಚ್ಚುಕಡಿಮೆ ಎಲ್ಲ ದೊಡ್ಡ ಆನ್‌ಲೈನ್ ಆಟಗಳ ನಿಯಮವೂ ಇದೇ. ಆಟ ಶುರುವಾಗುವ ಮೊದಲು ‘ಒಪ್ಪಿಗೆ’ ಎಂಬ ಗುಂಡಿ ಒತ್ತುತ್ತಾರಲ್ಲ, ಯಾರೂ ಓದದ ಆ ಉದ್ದದ ಕರಾರಿನಲ್ಲಿ ಇದೆಲ್ಲ ಇರುತ್ತದೆ. ಇನ್ನೂ ಒಂದು ಮಾತು ಅದರಲ್ಲಿರುತ್ತದೆ: ಈ ಐಡಿ ಆಟಗಾರನ ಆಸ್ತಿಯಲ್ಲ, ಬಳಸಲು ಕೊಟ್ಟ ಅನುಮತಿ ಮಾತ್ರ. ಈದ್‌ಗೆ ಅಜ್ಜಿ, ಮಾವಂದಿರು ಕೊಟ್ಟ ಹಣವನ್ನೆಲ್ಲ ಸುರಿದು ಕೊಂಡ ಜೆಮ್ಮು, ಉಡುಪು, ಆಯುಧ ಎಲ್ಲವೂ ಐಡಿಯ ಜೊತೆ ಮುಳುಗುತ್ತವೆ. ನಿಯಮ ಮುರಿದವರಿಗೆ ಹಣ ಹಿಂದಿರುಗಿಸುವ ಪದ್ಧತಿ ಸಾಮಾನ್ಯವಾಗಿ ಇಲ್ಲ.

“ನನ್ನ ಗೆಳೆಯ ಮೂರು ತಿಂಗಳಿಂದ ಬಳಸುತ್ತಿದ್ದಾನೆ, ಅವನಿಗೇನೂ ಆಗಿಲ್ಲ.” ಮಕ್ಕಳು ಕೊಡುವ ಉತ್ತರ ಇದು. ಕೇಳಲು ಸರಿಯೆನಿಸುತ್ತದೆ. ಆದರೆ ಕಂಪೆನಿಗಳು ಕೆಲಸ ಮಾಡುವ ಬಗೆ ತಿಳಿದವರು ಇದನ್ನು ನಂಬುವುದಿಲ್ಲ. ಸಿಕ್ಕಿಬಿದ್ದವನನ್ನು ಅದೇ ಕ್ಷಣ ಹೊರಹಾಕಿದರೆ, ತಾನು ಹೇಗೆ ಸಿಕ್ಕಿಬಿದ್ದೆ ಎಂಬುದು ಬಾಟ್ ಮಾಡಿದವನಿಗೆ ಗೊತ್ತಾಗಿ ಅವನು ಅದನ್ನು ತಿದ್ದಿಕೊಳ್ಳುತ್ತಾನೆ. ಆದುದರಿಂದ ಕಂಪೆನಿಗಳು ಅನೇಕ ಸಲ ಸುಮ್ಮನಿದ್ದು ಪಟ್ಟಿ ಮಾಡುತ್ತಾ ಹೋಗುತ್ತವೆ. ವಾರ, ತಿಂಗಳು ಕಳೆದ ಬಳಿಕ ಒಂದೇ ದಿನ ಸಾವಿರಾರು ಐಡಿಗಳನ್ನು ಒಟ್ಟಿಗೆ ಮುಚ್ಚುತ್ತವೆ. ಗೆಳೆಯನಿಗೆ ಏನೂ ಆಗಿಲ್ಲ ಎಂದರೆ ಅವನ ಹೆಸರು ಪಟ್ಟಿಯಲ್ಲಿಲ್ಲ ಎಂದಾಗುವುದಿಲ್ಲ. ಅಲ್ಲದೆ ಪತ್ತೆ ಹಚ್ಚುವುದೂ ಅಷ್ಟೇನೂ ಕಷ್ಟವಲ್ಲ. ಮನುಷ್ಯನಿಗೆ ಹಸಿವು, ನಿದ್ರೆ, ಕೈನೋವು ಇದೆ. ಇಪ್ಪತ್ತು ಗಂಟೆ ಬಿಡುವಿಲ್ಲದೆ, ಪ್ರತಿ ಬಾರಿಯೂ ಅಷ್ಟೇ ಸೆಕೆಂಡಿಗೆ, ಅದೇ ಜಾಗದಲ್ಲಿ ಬೆರಳು ಒತ್ತುವವನು ಮನುಷ್ಯನಲ್ಲ ಎಂದು ಸರ್ವರಿಗೆ ತಿಳಿಯುತ್ತದೆ.

ಇದರ ಹಳೆಯ ಹಾಗೂ ಪ್ರಸಿದ್ಧ ಕಥೆಯೊಂದು ಅಮೆರಿಕದ್ದು. ಬ್ಲಿಜಾರ್ಡ್ ಕಂಪೆನಿಯ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಕಂಪ್ಯೂಟರ್ ಆಟ 2004ರಲ್ಲಿ ಬಂತು. ಮರುವರ್ಷವೇ ಮೈಕೆಲ್ ಡೊನೆಲ್ಲಿ ಎಂಬ ತಂತ್ರಜ್ಞ ಅದರ ಆರಂಭದ ಮಟ್ಟಗಳನ್ನು ತಾನೇ ಆಡಿ ಮುಗಿಸುವ ‘ಗ್ಲೈಡರ್’ ಎಂಬ ಬಾಟನ್ನು ಮಾರತೊಡಗಿದ. ಬೆಲೆ 15ರಿಂದ 25 ಡಾಲರ್. ಬ್ಲಿಜಾರ್ಡ್ ಸುಮ್ಮನಿರಲಿಲ್ಲ. ಆಟಗಾರನ ಕಂಪ್ಯೂಟರಿನಲ್ಲಿ ಇಂತಹ ತಂತ್ರಾಂಶ ಓಡುತ್ತಿದೆಯೇ ಎಂದು ಹುಡುಕುವ ‘ವಾರ್ಡನ್’ ಎಂಬ ಕಾವಲುಗಾರನನ್ನು ತಂದಿತು. ಆಗ ಗ್ಲೈಡರ್ ಮಾರುವವನು ಏನು ಮಾಡಿದನೆಂದು ಬಲ್ಲಿರಾ? ಇದನ್ನು ಬಳಸುವುದು ಆಟದ ನಿಯಮಕ್ಕೆ ವಿರುದ್ಧ ಎಂದು ತನ್ನ ವೆಬ್‌ಸೈಟಿನಲ್ಲಿ ತಾನೇ ಬರೆದ. ಜೊತೆಗೆ ವಾರ್ಡನ್‌ನ ಕಣ್ಣು ತಪ್ಪಿಸುವ ಇನ್ನೊಂದು ಆವೃತ್ತಿಯನ್ನು ಹೆಚ್ಚುವರಿ ಹಣಕ್ಕೆ ಮಾರಿದ! ಅಪಾಯ ಇದೆ ಎಂದು ಗಿರಾಕಿಗೆ ಹೇಳಿ, ಆ ಭಯದ ಮೇಲೆಯೇ ಮತ್ತೊಮ್ಮೆ ವ್ಯಾಪಾರ. 2008ರ ಸೆಪ್ಟೆಂಬರ್ ಹೊತ್ತಿಗೆ ಸುಮಾರು 1,20,000 ಗ್ಲೈಡರ್‌ಗಳು ಮಾರಾಟವಾಗಿ 35 ಲಕ್ಷ ಡಾಲರ್ ಬಂದಿತ್ತು. ವಿಷಯ ಕೋರ್ಟಿಗೆ ಹೋಗಿ 2009ರಲ್ಲಿ ಮಾರಾಟ ನಿಂತಿತು. 2010ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪಿನಲ್ಲಿ ತಾಯಂದಿರಿಗೆ ಸಮಾಧಾನ ತರುವ ಒಂದು ಮಾತಿದೆ. ಬಾಟ್ ಬಳಸಿದ ಆಟಗಾರ ಕರಾರು ಮುರಿದವನೇ ಹೊರತು ಅಷ್ಟರಿಂದಲೇ ಕೃತಿಸ್ವಾಮ್ಯ ಕದ್ದವನಾಗುವುದಿಲ್ಲ ಎಂದು ಅದು ಹೇಳಿತು. ವಾರ್ಡನ್‌ನನ್ನು ವಂಚಿಸುವ ಸಾಧನ ಮಾರಿದ್ದು ಮಾತ್ರ ಕಾನೂನಿಗೆ ವಿರುದ್ಧವೆಂದಿತು.

ಜರ್ಮನಿಯಲ್ಲಿ ತಯಾರಾಗುತ್ತಿದ್ದ ‘ಆನರ್‌ಬಡ್ಡಿ’ಯ ಗತಿಯೂ ಹೀಗೆಯೇ. ಅದೇ ಆಟದ ಈ ಬಾಟ್ ಬಹುಕಾಲ ಸಿಕ್ಕಿಬೀಳದೆ ಹೆಸರು ಮಾಡಿತ್ತು. 2015ರ ಮೇ ತಿಂಗಳಲ್ಲಿ ಬ್ಲಿಜಾರ್ಡ್ ಬಾಟ್ ಬಳಸಿದವರ ಐಡಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಆರು ತಿಂಗಳ ಮಟ್ಟಿಗೆ ಮುಚ್ಚಿತು. 2017ರಲ್ಲಿ ಅಮೆರಿಕದ ಕೋರ್ಟು ಅದರ ತಯಾರಕರಾದ ಬಾಸ್‌ಲ್ಯಾಂಡ್ ಕಂಪೆನಿಗೆ ಸುಮಾರು 86 ಲಕ್ಷ ಡಾಲರ್ ಪರಿಹಾರ ಕೊಡುವಂತೆ ಆದೇಶಿಸಿತು. ದಕ್ಷಿಣ ಕೊರಿಯಾ ಇನ್ನೂ ಮುಂದೆ ಹೋಗಿ, ಇಂತಹ ಅನಧಿಕೃತ ತಂತ್ರಾಂಶ ತಯಾರಿಸಿ ಹಂಚುವವರಿಗೆ ಐದು ವರ್ಷದವರೆಗೆ ಜೈಲು ವಿಧಿಸುವ ಕಾನೂನನ್ನು 2016ರಲ್ಲಿ ಅಂಗೀಕರಿಸಿತು.

ಬಡಪಾಯಿ ಹುಡುಗನ ಮೇಲೆ ಇಷ್ಟೊಂದು ಕೋಪವೇಕೆ ಎಂದು ಕೇಳಬಹುದು. ಆನ್‌ಲೈನ್ ಆಟದಲ್ಲಿ ಎದುರಿಗಿರುವವನೂ ಯಾರದೋ ಮನೆಯ ಮಗ. ಶಾಲೆಯಿಂದ ಬಂದು ಒಂದು ಗಂಟೆ ಆಡಿ ಅವನು ಕೂಡಿಟ್ಟ ಚಿನ್ನವನ್ನು ಇಲ್ಲಿ ನಿದ್ರಿಸುತ್ತಿರುವವನ ಯಂತ್ರ ದೋಚುತ್ತದೆ. ಹೀಗಾದರೆ ನಿಯಮದಂತೆ ಆಡುವವರು ಬೇಸತ್ತು ಹೊರಟುಹೋಗುತ್ತಾರೆ. ಕಂಪೆನಿಯ ಸಂಪಾದನೆಯೂ ಹೋಗುತ್ತದೆ. ಎರಡನೆಯ ಕಾರಣವೇ ಅದನ್ನು ಹೆಚ್ಚು ಕೆರಳಿಸುತ್ತದೆ ಎಂಬುದರಲ್ಲಿ ಸಂಶಯ ಬೇಡ.

ಇನ್ನು ಐಡಿಗಿಂತ ದೊಡ್ಡ ವಿಷಯಕ್ಕೆ ಬರೋಣ. ಇಂತಹ ಆಪ್‌ಗಳು ಹೆಚ್ಚಾಗಿ ಪ್ಲೇಸ್ಟೋರಿನ ಹೊರಗಿನಿಂದ ಬರುತ್ತವೆ. ಪರದೆಯನ್ನು ನೋಡಿ ತಾವೇ ಗುಂಡಿ ಒತ್ತಬೇಕಾದರೆ ಅವು ಆಂಡ್ರಾಯ್ಡ್ ಮೊಬೈಲಿನಲ್ಲಿ ‘ಆಕ್ಸೆಸಿಬಿಲಿಟಿ’ ಎಂಬ ಅನುಮತಿ ಕೇಳುತ್ತವೆ. ದೃಷ್ಟಿಯಿಲ್ಲದವರಿಗೆ, ಕೈ ಸ್ವಾಧೀನವಿಲ್ಲದವರಿಗೆ ನೆರವಾಗಲೆಂದು ಇಟ್ಟಿರುವ ಸೌಲಭ್ಯವಿದು. ಈ ಅನುಮತಿ ಪಡೆದ ಆಪ್ ಆಟವನ್ನು ಮಾತ್ರ ನೋಡುತ್ತದೆಂದು ಭಾವಿಸಬೇಡಿ. ಪರದೆಯ ಮೇಲೆ ಬರುವ ಸಂದೇಶ, ಬ್ಯಾಂಕಿನ ಒಟಿಪಿ ಎಲ್ಲವನ್ನೂ ಅದು ಓದಬಲ್ಲದು. ನಿಮ್ಮ ಪರವಾಗಿ ಬೇರೆ ಆಪ್‌ಗಳಲ್ಲೂ ಒತ್ತಬಲ್ಲದು. ನಮ್ಮ ಮನೆಗಳಲ್ಲಿ ಮಗನಿಗೆ ಆಡಲು ಸಿಗುವುದು ಹೆಚ್ಚಾಗಿ ತಾಯಿಯ ಮೊಬೈಲ್. ಗಲ್ಫಿನಿಂದ ಪತಿ ಕಳುಹಿಸಿದ ಹಣ ಬೀಳುವ ಬ್ಯಾಂಕ್ ಖಾತೆ, ಗೂಗಲ್ ಪೇ, ಮದುವೆ ಸಮಾರಂಭದ ಫೋಟೊಗಳು ಎಲ್ಲ ಇರುವುದು ಅದರಲ್ಲಿಯೇ. 2018ರಲ್ಲಿ ಚೀನಾದಲ್ಲಿ ‘ಪಬ್‌ಜಿ’ ಆಟಕ್ಕೆ ಮೋಸದ ತಂತ್ರಾಂಶ ಮಾರುತ್ತಿದ್ದ 15 ಮಂದಿಯನ್ನು ಬಂಧಿಸಿದಾಗ, ಅವುಗಳಲ್ಲಿ ಕೆಲವು ಬಳಸುವವರ ಮಾಹಿತಿಯನ್ನೇ ಕದಿಯುವ ಕಳ್ಳ ತಂತ್ರಾಂಶವನ್ನು ಒಳಗಿಟ್ಟುಕೊಂಡಿದ್ದವು ಎಂದು ಆಟದ ಕಂಪೆನಿ ತಿಳಿಸಿತ್ತು.

ಆದುದರಿಂದ ಮಗನ ಐಡಿ ಬ್ಯಾನ್ ಆಯಿತೆಂದು ತಿಳಿದಾಗ ಮೊದಲು ಬೈಯುವ ಬದಲು ಮೊಬೈಲನ್ನು ಕೈಗೆ ತೆಗೆದುಕೊಳ್ಳಿ. ಬೈದರೆ ಅವನು ಏನನ್ನು ಹಾಕಿಕೊಂಡಿದ್ದ ಎಂಬುದನ್ನು ಬಾಯಿಬಿಡುವುದಿಲ್ಲ; ನಮಗೆ ಬೇಕಾದದ್ದು ಅದೇ. ಸೆಟ್ಟಿಂಗ್ಸಿನಲ್ಲಿ ಆಕ್ಸೆಸಿಬಿಲಿಟಿ ತೆರೆದು ಪರಿಚಯವಿಲ್ಲದ ಆಪ್ ಚಾಲೂ ಇದ್ದರೆ ಅನುಮತಿ ತೆಗೆದು, ಆಪನ್ನೂ ಅಳಿಸಿ. ಬಳಿಕ ಬೇರೆ ಮೊಬೈಲಿನಿಂದ ಗೂಗಲ್ ಖಾತೆಯ ಪಾಸ್‌ವರ್ಡನ್ನು ಬದಲಾಯಿಸಿ; ಯುಪಿಐ ಪಿನ್ನನ್ನೂ ಬದಲಾಯಿಸಿ. ನಿಜವಾಗಿಯೂ ಬಾಟ್ ಬಳಸಿರದಿದ್ದರೆ ಆಟದೊಳಗಿನ ಸಹಾಯ ವಿಭಾಗಕ್ಕೆ ಮನವಿ ಬರೆಯಬಹುದು. ಕಂಪೆನಿಗಳೂ ಒಮ್ಮೊಮ್ಮೆ ಎಡವುತ್ತವೆ.

ಇಷ್ಟರಲ್ಲಿ ಇನ್ನೊಬ್ಬ ಬಂದು ಸೇರಿಕೊಳ್ಳುತ್ತಾನೆ. “ಐನೂರು ರೂಪಾಯಿ ಕೊಡು, ನಿನ್ನ ಐಡಿ ಬಿಡಿಸಿಕೊಡುತ್ತೇನೆ” ಎಂದು ಟೆಲಿಗ್ರಾಮಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಹೇಳುವವನು. ಮುಚ್ಚಿದ ಐಡಿಯನ್ನು ತೆರೆಯುವ ಅಧಿಕಾರ ಕಂಪೆನಿಗಲ್ಲದೆ ಬೇರೆ ಯಾರಿಗೂ ಇಲ್ಲ. ಇವನಿಗೆ ಬೇಕಾದದ್ದು ಆ ಐನೂರು ರೂಪಾಯಿ, ಸಾಧ್ಯವಾದರೆ ಪಾಸ್‌ವರ್ಡ್ ಕೂಡ. ಬ್ಯಾಂಕಿನಿಂದ ಹಣ ಹೋದದ್ದು ಕಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆಟದ ವಿಷಯವೆಂದು ನಾಚಿಕೊಂಡು ಬೆಳಗಾಗುವವರೆಗೆ ಕಾಯಬೇಡಿ. ಹಣ ತಡೆಹಿಡಿಯಲು ಸಾಧ್ಯವಿರುವುದು ಮೊದಲ ಗಂಟೆಗಳಲ್ಲಿ.