ರಿಪೋರ್ಟ್ ನಾರ್ಮಲ್, ಮೈತುಂಬಾ ನೋವು

ರಕ್ತಪರೀಕ್ಷೆ ಸರಿಯಿದೆ. ಎಕ್ಸ್‌ರೇಯಲ್ಲಿ ಮೂಳೆ ಸವೆದಿಲ್ಲ, ಎಂಆರ್‌ಐಯಲ್ಲೂ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೂ ಕುತ್ತಿಗೆ, ಭುಜ, ಸೊಂಟ, ತೊಡೆ ಎಲ್ಲವೂ ನೋಯುತ್ತವೆ. ರಾತ್ರಿಯಿಡೀ ಮಲಗಿ ಎದ್ದರೂ ನಾಟಿ ಮುಗಿಸಿ ಬಂದಷ್ಟು ಸುಸ್ತು. ರವಿಕೆಯ ತೋಳು ಕೊಂಚ ಬಿಗಿಯಾದರೆ, ಮಗು ಓಡಿಬಂದು ತಬ್ಬಿಕೊಂಡರೆ ಜೀವ ಹೋದಂತಾಗುತ್ತದೆ. ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಮರೆತುಬಿಡುವುದೂ ಉಂಟು. ಮನೆಯವರದು ಒಂದೇ ಮಾತು: ‘ಎಲ್ಲಾ ನಾರ್ಮಲ್ ಅಂತ ಬಂದಿದೆಯಲ್ಲ, ಇನ್ನೇನು?’

ಫೈಬ್ರೊಮಯಾಲ್ಜಿಯಾ ಎಂಬ ಹೆಸರು ಕಿವಿಗೆ ಬೀಳುವಷ್ಟರಲ್ಲಿ ಎಷ್ಟೋ ಜನರಿಗೆ ವರ್ಷಗಳೇ ಕಳೆದಿರುತ್ತವೆ. ಈ ಕಾಯಿಲೆ ಪತ್ತೆಯಾಗುವವರಲ್ಲಿ ಹೆಂಗಸರೇ ಹೆಚ್ಚು.

ಇಲ್ಲಿ ಎಡವಟ್ಟು ಇರುವುದು ಮುಖ್ಯವಾಗಿ ನೋವಿನ ಸುದ್ದಿಯನ್ನು ಸಂಭಾಳಿಸುವ ನರಮಂಡಲದಲ್ಲಿ. ಜಾತ್ರೆಯ ಮೈಕ್‌ಸೆಟ್ಟಿನ ಮುಂದೆ ಪಿಸುಗುಟ್ಟಿದರೂ ಊರಿಗೆಲ್ಲ ಕೇಳಿಸುವ ಹಾಗೆ, ಸಣ್ಣ ಒತ್ತಡವೂ ದೊಡ್ಡ ನೋವಾಗಿ ಮಿದುಳಿಗೆ ತಲುಪುತ್ತದೆ. 1990ರ ಅಮೆರಿಕನ್ ಮಾನದಂಡದ ಪ್ರಕಾರ ವೈದ್ಯರು ಮೈಮೇಲಿನ 18 ನಿರ್ದಿಷ್ಟ ಜಾಗಗಳನ್ನು ಒತ್ತಿ ನೋಡುತ್ತಿದ್ದರು. 11 ಕಡೆ ನೋವಿರಬೇಕಿತ್ತು. 2010ರಲ್ಲಿ ಬಂದ ಮಾನದಂಡ ಆ ಒತ್ತುವ ಪರೀಕ್ಷೆಯನ್ನು ಕೈಬಿಟ್ಟು, ನೋವಿನ ಹರವಿನ ಜೊತೆಗೆ ದಣಿವು, ನಿದ್ದೆ, ಮರೆವುಗಳನ್ನೂ ಲೆಕ್ಕಕ್ಕೆ ತಂದಿತು.

ಪ್ರೆಗಾಬಲಿನ್, ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್‌ನಂಥ ಔಷಧಗಳು ಕೆಲವರಿಗೆ ಒಗ್ಗುತ್ತವೆ, ಎಲ್ಲರಿಗೂ ಅಲ್ಲ. ಹಾಗಾಗಿ ರೋಗಿಗಳು ಎಣ್ಣೆ, ಕಷಾಯ, ಅರಿಶಿನದ ಹಾಲು, ಸೂಜಿ ಚಿಕಿತ್ಸೆ, ಯೋಗ, ಪ್ರಕೃತಿ ಚಿಕಿತ್ಸೆ ಎಂದು ಹುಡುಕಿಕೊಂಡು ಹೊರಡುತ್ತಾರೆ. ಈ ದೊಡ್ಡ ಪಟ್ಟಿಯನ್ನು ಎರಡು ಪಾಲು ಮಾಡಿ ನೋಡಬಹುದು: ಇನ್ನೊಬ್ಬರಿಂದ ಮಾಡಿಸಿಕೊಳ್ಳುವಂಥವು, ನಾವೇ ಮಾಡಬೇಕಾದವು. ಪುರಾವೆಯ ತಕ್ಕಡಿ ಎರಡನೆಯದರ ಕಡೆಗೇ ವಾಲುತ್ತದೆ.

ದಿನವೂ ಒಂದಿಷ್ಟು

ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ‘ಯೂಲಾರ್’ 2016ರಲ್ಲಿ ತನ್ನ ಶಿಫಾರಸುಗಳನ್ನು ಪರಿಷ್ಕರಿಸಿತು. ಔಷಧಗಳನ್ನೂ ಸೇರಿಸಿ ಎಲ್ಲವನ್ನೂ ತೂಗಿ ನೋಡಿದ ತಜ್ಞರು ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ. ಯೋಗ, ತೈ ಚಿ, ಧ್ಯಾನ, ಬಿಸಿನೀರಿನ ಚಿಕಿತ್ಸೆ, ಆಕ್ಯುಪಂಕ್ಚರ್, ಮನೋಚಿಕಿತ್ಸೆಗಳಿಗೆ ಸಿಕ್ಕಿದ್ದು ಅದಕ್ಕಿಂತ ಮೆದುವಾದ ಒಪ್ಪಿಗೆ.

ಮೈಯೆಲ್ಲ ನೋಯುವವರಿಗೆ ‘ವ್ಯಾಯಾಮ ಮಾಡಿ’ ಎಂದರೆ ಸಿಟ್ಟು ಬರುವುದು ಸಹಜ. ಗುಟ್ಟಿರುವುದು ಅಳತೆಯಲ್ಲಿ. ಹತ್ತು ನಿಮಿಷ ನಡೆದರೆ ಮರುದಿನ ಏಳಲಾಗುವುದಿಲ್ಲವೇ? ಐದೇ ನಿಮಿಷದಿಂದ ಶುರು ಮಾಡಿ. ಅದು ಒಗ್ಗಿದ ಮೇಲೆ ಒಂದೆರಡು ನಿಮಿಷ ಏರಿಸಿ. ಮೊದಮೊದಲು ನೋವು ತುಸು ಹೆಚ್ಚಾಗಬಹುದು. ಫಲ ಕಾಣಲು ವಾರಗಳೇ ಬೇಕು.

2018ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 226 ರೋಗಿಗಳಲ್ಲಿ ತೈ ಚಿಯನ್ನು ಏರೋಬಿಕ್ ವ್ಯಾಯಾಮದೊಂದಿಗೆ ಹೋಲಿಸಿತು. ನಿಧಾನಗತಿಯ ತೈ ಚಿ ಏರೋಬಿಕ್ಸ್‌ಗೆ ಸಮನಾಗಿ, ಕೆಲವು ವಿಷಯಗಳಲ್ಲಿ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಯೋಗದ ಅಧ್ಯಯನಗಳು ಚಿಕ್ಕವು. 2010ರಲ್ಲಿ ಆರೆಗಾನ್‌ನಲ್ಲಿ 53 ಮಹಿಳೆಯರ ಮೇಲೆ ನಡೆದ ಎಂಟು ವಾರಗಳ ಪ್ರಯೋಗದಲ್ಲಿ ಆಸನ, ಪ್ರಾಣಾಯಾಮ, ಧ್ಯಾನ ಕಲಿತವರ ನೋವು, ದಣಿವು ಇಳಿದವು. ಕಷ್ಟದ ಆಸನಗಳ ಹಟ ಇಲ್ಲಿ ಬೇಡ. ಕುರ್ಚಿಯ ಮೇಲೆ ಕೂತು ಮಾಡಿದರೂ ಆದೀತು.

ನಮ್ಮ ಮನೆಗಳಲ್ಲಿ ಲೆಕ್ಕ ತಪ್ಪುವುದು ಹಬ್ಬದ ಹಿಂದಿನ ದಿನ. ಅಂದು ಮೈ ಹಗುರಾಗಿದೆ ಎಂದು ಅಟ್ಟದ ಪಾತ್ರೆ ಇಳಿಸಿ ತೊಳೆದು, ಪರದೆ ಒಗೆದು, ಹೂರಣ ರುಬ್ಬಿ ರಾತ್ರಿ ಮಲಗಿದರೆ ಹಬ್ಬದ ದಿನವೂ ಅದರ ಮರುದಿನವೂ ಹಾಸಿಗೆಯೇ ಗತಿ. ಒಳ್ಳೆಯ ದಿನ ಅರ್ಧಕ್ಕೆ ನಿಲ್ಲಿಸುವುದು, ಕೆಟ್ಟ ದಿನವೂ ನಾಲ್ಕು ಹೆಜ್ಜೆ ಹಾಕುವುದು: ಅಭ್ಯಾಸವಾಗಬೇಕಾದದ್ದು ಇವೆರಡೂ.

ನಿದ್ದೆ, ಬಿಸಿನೀರು

1975ರಲ್ಲಿ ಟೊರಾಂಟೊದ ಹಾರ್ವಿ ಮೋಲ್ಡಾಫ್‌ಸ್ಕಿ ಮತ್ತವರ ಸಂಗಡಿಗರು ಆರೋಗ್ಯವಂತ ಯುವಕರ ಗಾಢನಿದ್ದೆಯನ್ನು ಮಾತ್ರ ಬೇಕೆಂದೇ ಕೆಡಿಸಿ ನೋಡಿದರು. ಅವರಿಗೂ ಮೈಕೈ ನೋವು ಕಾಣಿಸಿಕೊಂಡಿತು. ನಿದ್ದೆ ಕೆಟ್ಟರೆ ನೋವು, ನೋವಿದ್ದರೆ ನಿದ್ದೆ ಇಲ್ಲ. ಈ ಸುತ್ತನ್ನು ಕಡಿಯಲು ದಿನವೂ ಒಂದೇ ಹೊತ್ತಿಗೆ ಏಳುವುದು, ಮಧ್ಯಾಹ್ನದ ಮೇಲೆ ಕಾಫಿ ಬಿಡುವುದು, ಹಾಸಿಗೆಗೆ ಮೊಬೈಲ್ ಒಯ್ಯದಿರುವುದು ನೆರವಾಗುತ್ತವೆ. ಗೊರಕೆ ಜೋರಾಗಿದ್ದು ನಡುನಡುವೆ ಉಸಿರು ಕಟ್ಟುವಂತಿದ್ದರೆ ಅದರ ತಪಾಸಣೆಯೇ ಮೊದಲು.

ಎಣ್ಣೆಸ್ನಾನದ ಹಿತ ನಮಗೆ ಹೊಸತಲ್ಲ. ಉಗುರುಬೆಚ್ಚಗಿನ ಎಳ್ಳೆಣ್ಣೆ ಸವರಿ ಬಿಸಿನೀರು ಹೊಯ್ದುಕೊಂಡರೆ ಬಿಗಿದ ಮೈ ಸಡಿಲವಾಗುತ್ತದೆ, ಆ ರಾತ್ರಿ ನಿದ್ದೆಯೂ ಹತ್ತೀತು. ಆದರೆ ‘ನೋವು ಬಿಡಬೇಕಾದರೆ ಗಟ್ಟಿಯಾಗಿ ತಿಕ್ಕಬೇಕು’ ಎಂಬ ನಂಬಿಕೆ ಈ ಕಾಯಿಲೆಗೆ ಸಲ್ಲದು, ನೋವು ಕೆರಳೀತು.

ಪುಡಿ, ಗುಳಿಗೆಗಳ ಬಗ್ಗೆ

ಗಿಡಮೂಲಿಕೆಯದು ಎಂದ ಮಾತ್ರಕ್ಕೆ ನಿರಪಾಯವಲ್ಲ. 2008ರಲ್ಲಿ ಬಾಸ್ಟನ್ನಿನ ಸಂಶೋಧಕರು ಇಂಟರ್‌ನೆಟ್‌ನಲ್ಲಿ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಲೇಬಲ್ಲಿಲ್ಲದ ಪೊಟ್ಟಣದ ಗುಳಿಗೆ ಎರಡೇ ದಿನದಲ್ಲಿ ನೋವನ್ನು ಮಾಯ ಮಾಡಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೇ ಎಂದು ಅನುಮಾನಿಸಬೇಕು. ಏನೇ ಸೇವಿಸುತ್ತಿದ್ದರೂ ವೈದ್ಯರಿಗೆ ತಿಳಿಸಿ. ಥೈರಾಯ್ಡ್ ಏರುಪೇರು, ವಿಟಮಿನ್ ಡಿ ಕೊರತೆಗಳಲ್ಲೂ ಮೈನೋವು ಬರುತ್ತದೆ, ಅವನ್ನು ಮೊದಲೇ ನೋಡಿಸಿಕೊಳ್ಳಿ. ಕೀಲು ಊದಿದರೆ, ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಎಲ್ಲವನ್ನೂ ಫೈಬ್ರೊಮಯಾಲ್ಜಿಯಾದ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ.

ನಡಿಗೆ, ಯೋಗ, ನಿದ್ದೆ ಇವು ಯಾವುದಕ್ಕೂ ದುಡ್ಡಿನ ಖರ್ಚಿಲ್ಲ, ಹೊತ್ತು ಬೇಕು. ಬೆಳಿಗ್ಗೆ ತಿಂಡಿ, ಡಬ್ಬಿ, ಮಕ್ಕಳ ಸ್ಕೂಲು, ಆಮೇಲೆ ಆಫೀಸು ಎಂದು ಓಡುವ ಹೆಣ್ಣಿಗೆ ಆ ಹದಿನೈದು ನಿಮಿಷ ತಾನಾಗಿ ಸಿಗುವುದಿಲ್ಲ. ‘ಸ್ವಲ್ಪ ವಾಕಿಂಗ್ ಮಾಡಬಾರದೇ?’ ಎಂದು ಕೇಳುವವರು ಅಷ್ಟು ಹೊತ್ತು ಒಲೆಯ ಮುಂದೆ ನಿಲ್ಲಲು ತಯಾರಿದ್ದರೆ, ಆ ಸಲಹೆಗೂ ಒಂದು ಬೆಲೆ ಬರುತ್ತದೆ.