ನಿಮಗಿದು ಗೊತ್ತೇ? ಅರಿಶಿನ, ಕಾಳುಮೆಣಸು ಮತ್ತು ಲಕ್ವ

ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು 1963ರಲ್ಲಿ ಶುರುವಾದದ್ದು ಕುಕ್ ಟೌನ್‌ನ ತಾತ್ಕಾಲಿಕ ಜಾಗದಲ್ಲಿ. ಲಕ್ವ ಹೊಡೆದಾಗ ಮಿದುಳನ್ನು ಕಾಯಬಲ್ಲ ಸಸ್ಯಸಾರಗಳ ಮಾತು ಬಂದರೆ ಈ ಕಾಲೇಜಿನ ಒಂದು ಪ್ರಯೋಗವನ್ನು ನೆನೆಯಲೇಬೇಕು.

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್, ಮಿದುಳಿನ ರಕ್ತನಾಳ ಕಟ್ಟಿಸಿದ ಇಲಿಗಳಲ್ಲಿ ಹಾನಿಯನ್ನು ತಗ್ಗಿಸಿದೆ. ಆದರೆ ನುಂಗಿದ್ದರಲ್ಲಿ ರಕ್ತ ಸೇರುವುದು ತೀರಾ ಕಡಿಮೆ. ಕರುಳು, ಪಿತ್ತಜನಕಾಂಗಗಳು ಅದನ್ನು ಬೇಗ ರೂಪ ಬದಲಿಸಿ ಹೊರಹಾಕಿಬಿಡುತ್ತವೆ. ಸೇಂಟ್ ಜಾನ್ಸ್‌ನ ಔಷಧಶಾಸ್ತ್ರ ವಿಭಾಗದವರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರು. ರಕ್ತದಲ್ಲಿ ಅದರ ಸುಳಿವೇ ಹೆಚ್ಚುಕಡಿಮೆ ಇರಲಿಲ್ಲ. ಜೊತೆಗೆ ಕಾಳುಮೆಣಸಿನ ಪೈಪರೀನ್ ಬರೀ 20 ಮಿಲಿಗ್ರಾಂ ಸೇರಿಸಿದ್ದೇ ತಡ, ದೇಹಕ್ಕೆ ದಕ್ಕುವ ಪ್ರಮಾಣ ಶೇ. 2,000ರಷ್ಟು ಏರಿತು! ಇಲಿಗಳಲ್ಲಿ ಏರಿದ್ದು ಶೇ. 154 ಮಾತ್ರ. 1998ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ಅರಿಶಿನದ ಗುಳಿಗೆ ಮಾರುವವರು ಇಂದಿಗೂ ಉದ್ಧರಿಸುತ್ತಾರೆ.

ಆ 2 ಗ್ರಾಂ ಅಡುಗೆಮನೆಯ ಲೆಕ್ಕದಲ್ಲಿ ಎಷ್ಟು? ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3. ಅಂದರೆ 65 ಗ್ರಾಂಗೂ ಹೆಚ್ಚು ಪುಡಿ ಬೇಕು. ರಾತ್ರಿ ಹಾಲಿಗೆ ಹಾಕುವ ಚಿಟಿಕೆ ಅರಿಶಿನ ಇದರ ಹತ್ತಿರಕ್ಕೂ ಬಾರದು.

ಸೆಲರಿ ಬೀಜದಲ್ಲಿ ಸಿಕ್ಕ ಬ್ಯುಟೈಲ್‌ಥ್ಯಾಲೈಡ್ ಎಂಬ ವಸ್ತು ಚೀನಾದಲ್ಲಿ 2002ರಿಂದ ಲಕ್ವದ ಔಷಧಿ. 2023ರಲ್ಲಿ ಹೊರಬಂದ ಅಲ್ಲಿನ ಪರೀಕ್ಷೆಯಲ್ಲಿದ್ದವರು 1,216 ರೋಗಿಗಳು. 90 ದಿನಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು ಔಷಧಿ ಪಡೆದವರಲ್ಲಿ ಶೇ. 56.7, ಪಡೆಯದವರಲ್ಲಿ ಶೇ. 44. ಇವರೆಲ್ಲರಿಗೂ ಹೆಪ್ಪು ಕರಗಿಸುವ ಅಥವಾ ತೆಗೆಯುವ ಆಸ್ಪತ್ರೆಯ ಚಿಕಿತ್ಸೆ ಆಗಿತ್ತು ಎಂಬುದನ್ನು ಮಾತ್ರ ಮರೆಯಬಾರದು. ಸಸ್ಯದ ಅಣು ಅದಕ್ಕೆ ಜೊತೆಯಾಗಿ ಬಂತು, ಬದಲಿಯಾಗಿ ಅಲ್ಲ.

ಇಲಿಯಲ್ಲಿ ಗೆದ್ದದ್ದೆಲ್ಲ ಮನುಷ್ಯರಲ್ಲಿ ಗೆಲ್ಲುವುದಿಲ್ಲ. ಲಕ್ವಕ್ಕೆಂದು ಪ್ರಯೋಗಕ್ಕೊಳಪಟ್ಟ 1,026 ಚಿಕಿತ್ಸೆಗಳನ್ನು 2006ರ ಒಂದು ವಿಮರ್ಶೆ ಪಟ್ಟಿ ಮಾಡಿತು. ರೋಗಿಯ ಹಾಸಿಗೆಯವರೆಗೆ ಬಂದು ನಿಂತವು ಬೆರಳೆಣಿಕೆಯಷ್ಟು. ಕರ್ಕ್ಯುಮಿನ್ ಇನ್ನೂ ಆ ಪರೀಕ್ಷೆ ದಾಟಿಲ್ಲ.

ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ. ನಾಟಿ ಔಷಧಿ ಹುಡುಕಿಕೊಂಡು ಊರೂರು ಅಲೆಯುವಷ್ಟರಲ್ಲಿ ಅದು ಕಳೆದೇ ಹೋಗಿರುತ್ತದೆ.

ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದವರಿಗೆ ಅರಿಶಿನದ ಹಾಲಿರಲಿ, ನೀರನ್ನೂ ಕುಡಿಸಬೇಡಿ. ನುಂಗುವ ಶಕ್ತಿ ಕುಂದಿದ್ದರೆ ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಲಕ್ಷಣ ಕಾಣಿಸಿದ ಹೊತ್ತನ್ನು ಗುರುತಿಟ್ಟುಕೊಂಡು 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವುದೇ ಆ ಹೊತ್ತನ್ನು.