ಅಲೆಕ್ಸಾಂಡ್ರಾ ರಾಣಿಯ ಚಿಟ್ಟೆ

ಚಿಟ್ಟೆಯನ್ನು ಹಿಡಿಯಲು ಸಾಮಾನ್ಯವಾಗಿ ಒಂದು ಬಲೆ ಸಾಕು. ಆದರೆ 1906ರಲ್ಲಿ ನ್ಯೂಗಿನಿ ದ್ವೀಪದ ಮಳೆಕಾಡಿನಲ್ಲಿ ಆಲ್ಬರ್ಟ್ ಮೀಕ್ ಎಂಬ ಸಂಗ್ರಾಹಕನು ಒಂದು ಚಿಟ್ಟೆಯನ್ನು ಪಡೆಯಲು ಬಂದೂಕನ್ನೇ ಬಳಸಬೇಕಾಯಿತು. ಅದು ಅಷ್ಟು ಎತ್ತರದಲ್ಲಿ, ಮರಗಳ ನೆತ್ತಿಯ ಮೇಲೆ ಹಾರುತ್ತಿತ್ತು. ಮರುವರ್ಷ ವಾಲ್ಟರ್ ರಾತ್ಸ್‌ಚೈಲ್ಡ್ ಎಂಬ ವಿದ್ವಾಂಸನು ಅದಕ್ಕೆ ಇಂಗ್ಲೆಂಡಿನ ದೊರೆ ಏಳನೆಯ ಎಡ್ವರ್ಡನ ಪತ್ನಿ ಅಲೆಕ್ಸಾಂಡ್ರಾ ರಾಣಿಯ ಹೆಸರನ್ನಿಟ್ಟನು.

ಜಗತ್ತಿನ ಚಿಟ್ಟೆಗಳಲ್ಲೆಲ್ಲ ಇದೇ ದೊಡ್ಡದು. ರೆಕ್ಕೆ ಬಿಚ್ಚಿದ ಹೆಣ್ಣಿನ ಅಗಲ 25 ಸೆಂಟಿಮೀಟರನ್ನು ಮೀರುತ್ತದೆ. ಅದರ ಬಣ್ಣ ಕಂದು. ಮೇಲೆ ಕೆನೆಬಣ್ಣದ ಮಚ್ಚೆಗಳು. ಗಂಡು ಗಾತ್ರದಲ್ಲಿ ಚಿಕ್ಕದಾದರೂ ಚೆಲುವಿನಲ್ಲಿ ಹೆಣ್ಣನ್ನು ಮೀರಿಸುತ್ತದೆ. ಅದರ ಕಪ್ಪು ರೆಕ್ಕೆಗಳ ಮೇಲೆ ನೀಲಿ-ಹಸಿರು ಪಟ್ಟೆಗಳು ಹೊಳೆಯುತ್ತವೆ. ಉದರವು ಅಚ್ಚ ಹಳದಿ.

ಈ ಚಿಟ್ಟೆಯ ಬಾಳೆಲ್ಲ ಒಂದು ಬಳ್ಳಿಗೆ ಕಟ್ಟುಬಿದ್ದಿದೆ. ಅದು ಈಶ್ವರಿ ಬಳ್ಳಿಯ ಜಾತಿಗೆ ಸೇರಿದ, ಮರವನ್ನು ಹಬ್ಬಿ ಮೇಲೇರುವ ವಿಷಬಳ್ಳಿ. ಹೆಣ್ಣು ಅದರ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಅದರ ಎಲೆಯನ್ನು ತಿಂದು ಬೆಳೆಯುತ್ತದೆ. ಎಲೆಯ ವಿಷವು ಹುಳುವನ್ನು ಕೊಲ್ಲದೆ ಅದರ ಮೈಯಲ್ಲಿಯೇ ಉಳಿಯುವುದರಿಂದ, ತಿನ್ನಬಂದ ಹಕ್ಕಿಗೆ ಅದು ರುಚಿಸುವುದಿಲ್ಲ. ಕರ್ನಾಟಕದ ರಾಜ್ಯಚಿಟ್ಟೆಯೂ ಇದೇ ಬಳಗದ್ದು. ಸಹ್ಯಾದ್ರಿಯಲ್ಲಿ ಅದರ ಮರಿಹುಳುವೂ ಈಶ್ವರಿ ಬಳ್ಳಿಯನ್ನೇ ಆಶ್ರಯಿಸಿದೆ. ಮೊಟ್ಟೆಯು ಚಿಟ್ಟೆಯಾಗಲು ಸುಮಾರು ನಾಲ್ಕು ತಿಂಗಳು ಬೇಕು. ಅಷ್ಟರೊಳಗೆ ಮರವನ್ನು ಕಡಿದರೆ ಬಳ್ಳಿಯೂ ಇಲ್ಲ, ಹುಳುವೂ ಇಲ್ಲ.

ಇದರ ನೆಲೆ ಪಪುವಾ ನ್ಯೂಗಿನಿಯ ಓರೋ ಪ್ರಾಂತ್ಯದ ಕಾಡುಗಳು ಮಾತ್ರ. 1951ರಲ್ಲಿ ಅಲ್ಲಿಯ ಲ್ಯಾಮಿಂಗ್ಟನ್ ಪರ್ವತವು ಬೆಂಕಿಯುಗುಳಿದಾಗ ಸಾವಿರಾರು ಜನರು ಮಡಿದರು. ಚಿಟ್ಟೆಯ ಕಾಡಿನ ದೊಡ್ಡ ಭಾಗವೂ ಸುಟ್ಟುಹೋಯಿತು. ಸುಟ್ಟ ಕಾಡು ಕಾಲಕ್ರಮದಲ್ಲಿ ಮತ್ತೆ ಚಿಗುರಬಲ್ಲದು. ಆದರೆ ಕಾಡನ್ನು ಸವರಿ ಎಬ್ಬಿಸಿದ ತಾಳೆಎಣ್ಣೆಯ ತೋಟದಲ್ಲಿ ಬಳ್ಳಿಗೆ ಎಡೆಯೇ ಇಲ್ಲ.

ಸಂಗ್ರಾಹಕರ ಹಾವಳಿಯನ್ನು ತಡೆಯಲು 1960ರ ದಶಕದಲ್ಲಿಯೇ ಕಾನೂನು ಬಂದಿತು. ಮುಂದೆ ಅಂತರರಾಷ್ಟ್ರೀಯ ವ್ಯಾಪಾರವೂ ನಿಷಿದ್ಧವಾಯಿತು. ಇದು ಅಗತ್ಯವೇ ಆಗಿತ್ತು. ಆದರೂ ಇದರಲ್ಲಿ ಒಂದು ತೊಡಕಿದೆ. ಅಲ್ಲಿಯ ಕಾಡಿನ ಬಹುಭಾಗ ಸರ್ಕಾರದ್ದಲ್ಲ, ಹಳ್ಳಿಯ ಕುಲಗಳ ಸ್ವತ್ತು. ಅದೇ ದೇಶದಲ್ಲಿ ಇತರ ಕೆಲವು ದೊಡ್ಡ ಚಿಟ್ಟೆಗಳನ್ನು, ಬಳ್ಳಿ ನೆಟ್ಟು ಸಾಕಿ, ಕಾನೂನುಬದ್ಧವಾಗಿ ಮಾರುವ ಹಳ್ಳಿಗರಿದ್ದಾರೆ. ಅವರಿಗೆ ಬಳ್ಳಿಯೇ ಬೆಳೆ. ಅಲೆಕ್ಸಾಂಡ್ರಾ ಚಿಟ್ಟೆಯನ್ನು ಹಾಗೆ ಮಾರುವಂತಿಲ್ಲ. ಮಕ್ಕಳ ಶಾಲೆಯ ಶುಲ್ಕಕ್ಕೆ ಹಣ ಹೊಂದಿಸಬೇಕಾದ ರೈತನಿಗೆ ತಾಳೆಯ ಗೊನೆ ಹಣ ತರುತ್ತದೆ; ಅವನ ಕಾಡಿನ ನೆತ್ತಿಯಲ್ಲಿ ಹಾರುವ ರಾಣಿ ಏನನ್ನೂ ತರುವುದಿಲ್ಲ.